ಡೆಲ್ಬರ್ಟನ ಕೋಣೆಯಿಂದ ಬಂದ ಉತ್ತರ

ಎಂಬತ್ತಾರನೇ ಇಸವಿಯಲ್ಲಿ ಅಮೆರಿಕದ ಕಾನ್ಸಾಸಿನ ನಮ್ಮ ಸಣ್ಣ ಕಾಲೇಜಿನ ಕಂಪ್ಯೂಟರಿಗೆ ಹೊರಜಗತ್ತಿನ ದಾರಿಯೆಂದರೆ ಮೂವತ್ತು ಮೈಲಿ ಆಚೆಯ ಕಾಲೇಜೊಂದೇ. ನಾವು ಕಳಿಸಿದ್ದನ್ನು ಅಲ್ಲಿಯ ಡೆಲ್ಬರ್ಟ್ ಮುಂದಕ್ಕೆ ದಾಟಿಸಿ, ‘ಹೋಯ್ತು’ ಎಂದು ಬರೆಯುತ್ತಿದ್ದ.

ಆ ಜನವರಿಯ ಒಂದು ದಿನ ಸಂಜೆ ಐದರೊಳಗೆ ಸಂಶೋಧನೆಗೆ ಹಣ ಕೋರುವ ಅರ್ಜಿ ಅನುದಾನದ ಕಚೇರಿಗೆ ತಲುಪದಿದ್ದರೆ ನಮ್ಮ ಕಾಲೇಜಿನ ಸಂಶೋಧಕಿ ಅರ್ನೀಟಾಳ ಕೆಲಸವೇ ಹೋಗುತ್ತಿತ್ತು.

“ಏನಯ್ಯಾ, ನಿನ್ನ ಪೆಟ್ಟಿಗೆ ನಿದ್ದೆ ಹೊಡೀತಿದ್ಯಾ?” ಎಂದು ಅವಳು ನನ್ನ ಬೆನ್ನ ಹಿಂದೆಯೇ ಓಡಾಡುತ್ತಿದ್ದಳು.

ಕಳಿಸಿದೆ. ಬಹಳ ಹೊತ್ತಿನ ಮೇಲೆ ಒಂದೊಂದೇ ಅಕ್ಷರವಾಗಿ ಉತ್ತರ ಮೂಡಿತು: ‘ಇಲ್ಲಿ ತುಂಬಾ ಚಳಿ. ಹೋಯ್ತು.’ ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ, ಸದಾ ಬೆಚ್ಚಗಿರುವ ಮೋಡೆಮ್ಮನ್ನು ಮುಟ್ಟಿದರೆ ಕೈ ಕೊರೆಯಿತು.

ಐದು ಹೊಡೆದಾಗ ಡೆಲ್ಬರ್ಟ್ ಮನೆಯಿಂದ ಫೋನ್ ಮಾಡಿದ. “ಬೇಜಾರ್ ಮಾಡ್ಕೋಬೇಡ ಮಾರಾಯ. ನಿನ್ನೆಯಿಂದ ಕಾಲೇಜಲ್ಲಿ ಕರೆಂಟಿಲ್ಲ, ಕೋಣೆಗೆ ಬೀಗ ಹಾಕಿದೀನಿ. ಅರ್ಜಿ ಹೋಗಲ್ಲ ಅಂತ ಅರ್ನೀಟಾಗೆ ನೀನೇ ಹೇಳ್ಬಿಡು.”

ನನ್ನ ಕೈಯಲ್ಲಿ ಆಗಲೇ ಆ ಕಚೇರಿ ಕಂಪ್ಯೂಟರಿನಲ್ಲೇ ಕಳಿಸಿದ್ದ ರಸೀದಿಯಿತ್ತು. ಅರ್ಜಿ ನಾಲ್ಕು ಐವತ್ತಕ್ಕೆ, ಅವನ ಕಾಲೇಜನ್ನು ಹಾದೇ, ತಲುಪಿತ್ತು.