ಹತ್ತು ನಿಮಿಷದ ಬಾಯಿಮಾತು

ಡೈರಿಯ ಆ ಪುಟದಲ್ಲಿ ಪ್ರಜಿಲ ಒಂದೇ ಸಾಲು ಬರೆದು ಪೆನ್ನು ಮುಚ್ಚಿದ್ದಳು.

'ಅವರು ಮೆಚ್ಚಿಕೊಂಡ ಪತ್ರಗಳು ಪೂರ್ತಿ ನನ್ನವಲ್ಲ.'

ಪೆನ್ನು ಮುಚ್ಚಿದಷ್ಟು ಸುಲಭವಾಗಿ ಮನಸ್ಸು ಮುಚ್ಚಲಿಲ್ಲ. ಬೇರೆಯವರಿಗಾದರೆ ಇದೊಂದು ವಿಷಯವೇ ಅಲ್ಲ. ಈಗ ಫೋನಿಗೆ ಹೇಳಿ ಪತ್ರ ತಿದ್ದಿಸಿಕೊಳ್ಳದವರು ಯಾರಿದ್ದಾರೆ? ಆದರೆ ಅವಳು ಕಣ್ಣೂರು ಕಡೆಯ ಆ ವಿಶ್ವವಿದ್ಯಾಲಯದ ಎಐ ನೀತಿ ಸಮಿತಿಯಲ್ಲಿ ನಡಾವಳಿ ಬರೆಯುವವಳು. ಶಾಲೆ ಕಾಲೇಜುಗಳಲ್ಲಿ ಮಕ್ಕಳು ಯಂತ್ರದಿಂದ ಏನನ್ನು ಬರೆಸಬಹುದು, ಏನನ್ನು ಬರೆಸಬಾರದು ಎಂದು ತೀರ್ಮಾನಿಸುವ ಸಮಿತಿ. 'ಯಾರ ನೆರವು ಪಡೆದೆನೆಂದು ಬರೆದವರೇ ಹೇಳತಕ್ಕದ್ದು' ಎಂಬ ನಾಲ್ಕನೇ ಕಲಮನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು ಇದೇ ಬೆರಳುಗಳು!

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ... ಎಂದುಕೊಂಡಳು.

ಇದೆಲ್ಲ ಶುರುವಾದದ್ದು ಮೂರು ತಿಂಗಳ ಹಿಂದೆ, ಸಮಿತಿಯ ಮೊದಲ ಸಭೆಯಲ್ಲಿ.

ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೆ. ಮೇಜಿನ ತುದಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ ಕೂತಿದ್ದಳು. ಎದುರಿಗೆ ಷಿನೋಜ್ ಮಾಷ್, ಅಂದರೆ ಮೇಷ್ಟ್ರು. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು, ಶಾಲೆಗಳ ಪರವಾಗಿ ಸಮಿತಿಗೆ ಬಂದಿದ್ದರು. ತೋಳು ಮಡಚಿದ ಅಂಗಿ, ಬೆರಳಿಗೆ ಕೆಂಪು ಪೆನ್ಸಿಲಿನ ಗುರುತು.

"ಯಂತ್ರ ಬರೆದದ್ದನ್ನ ಇನ್ನೊಂದು ಯಂತ್ರ ಹಿಡಿಯುತ್ತಂತೆ! ಕಳ್ಳನ್ನ ಹಿಡಿಯೋಕೆ ಕಳ್ಳನ ತಮ್ಮನ್ನ ಕಳಿಸಿದ ಹಾಗೆ," ಎಂದರು ಅವರು. ಸಭೆ ನಕ್ಕಿತು. "ಅದೆಲ್ಲ ಬೇಡ ಟೀಚರ್. ಹುಡುಗನ್ನ ಎದುರಿಗೆ ಕೂರಿಸಿ ಹತ್ತು ನಿಮಿಷ ಮಾತಾಡಿಸಿ. ತಾನೇ ಬರೆದಿದ್ರೆ ಹೇಳ್ತಾನೆ. ಬರೆದವನಿಗೆ ಬಾಯಿ ಇದ್ದೇ ಇರುತ್ತೆ."

ಅಧ್ಯಕ್ಷೆ ಖದೀಜ ಟೀಚರ್ ತಲೆದೂಗಿದರು.

ಷಿನೋಜ್ ಮಾಷ್ ಇದ್ದಕ್ಕಿದ್ದಂತೆ ಮೇಜಿನ ತುದಿಗೆ ತಿರುಗಿದರು. "ಮೊನ್ನೆ ಮೊನ್ನೆವರೆಗೂ ವಿದ್ಯಾರ್ಥಿನಿ ಆಗಿದ್ದವರು ಇಲ್ಲೇ ಇದ್ದಾರಲ್ಲ. ನೀವೇನಂತೀರಿ?"

ಎಲ್ಲರ ಕಣ್ಣೂ ಅವಳ ಮೇಲೆ!

ಹೇಳುವುದಕ್ಕೆ ಇತ್ತು. ಬೇಕಾದಷ್ಟಿತ್ತು. ಆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕೈಯಿಂದ ಪೆನ್ನು ಜಾರಿ ಟಣ್ಣೆಂದು ಬಿತ್ತು.

"ಪೆನ್ನು ಬಿಸಾಕಿ ಪ್ರತಿಭಟನೆ! ನಡಾವಳಿಯಲ್ಲಿ ಬರ್ಕೊಳ್ಳಿ," ಎಂದರು ಅವರು. ಮತ್ತೆ ನಗು. ಅವರಿಗದು ತಮಾಷೆ. ಅವಳಿಗೆ ಮಾತ್ರ ಒಂಬತ್ತನೇ ಕ್ಲಾಸಿನ ಬೆಂಚು ನೆನಪಾಯಿತು.

ಹೊಳೆ ದಾಟಿಸುವ ದೋಣಿಯ ಬಗ್ಗೆ ಅವಳು ಬರೆದ ಪ್ರಬಂಧ ಅಂದು ಇಡೀ ಶಾಲೆಗೇ ಮೊದಲು ಬಂದಿತ್ತು. ಟೀಚರ್ ನಿಲ್ಲಿಸಿ, "ಬರೆದದ್ದನ್ನ ಬಾಯಲ್ಲಿ ಹೇಳು ನೋಡೋಣ" ಎಂದಿದ್ದರು. ಅವಳು ನಿಂತೇ ಇದ್ದಳು. ಒಂದು ಅಕ್ಷರ ಹೊರಡಲಿಲ್ಲ. ಆಗ ಟೀಚರ್ ಕೇಳಿದ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿತ್ತು.

"ಯಾರು ಹೇಳಿಕೊಟ್ಟದ್ದು?"

ಆ ಕಾಲದಲ್ಲಿ ಎಐ ಎಲ್ಲಿತ್ತು? ಆದರೂ ಅವಳು ಕಳ್ಳಿಯಾದಳು. ಬಹುಮಾನ ಬೇರೆಯವರ ಪಾಲಾಯಿತು.

ಸಭೆ ಮುಗಿದ ಆ ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಮಾಷಿಗೆ ಪತ್ರ ಟೈಪ್ ಮಾಡಿದಳು. ಅಳಿಸಿದಳು. ಮತ್ತೆ ಮಾಡಿದಳು. 'ಇದೇನು ಚಿಕ್ಕ ಹುಡುಗಿ ದೂರು ಹೇಳಿದ ಹಾಗಿದೆ!' ಕೊನೆಗೆ ತನ್ನ ತೊದಲು ಸಾಲುಗಳನ್ನೆಲ್ಲ ಫೋನಿನ ಎಐಗೆ ಸುರಿದು, 'ಗೌರವವಾಗಿ, ಚೆನ್ನಾಗಿ ಬರೆದುಕೊಡು' ಎಂದಳು.

ಬರೆದುಕೊಟ್ಟಿತು. ಇಸ್ತ್ರಿ ಹಾಕಿದ ಸೀರೆಯಂಥ ಪತ್ರ! ಒಂದು ಸುಕ್ಕಿಲ್ಲ.

ಅದನ್ನು ಹಾಗೇ ಕಳಿಸಲು ಮನಸ್ಸು ಬಾರದೆ, ಕೆಳಗೆ ತನ್ನದೊಂದು ಸಾಲು ಸೇರಿಸಿದಳು. 'ಗಂಟಲಲ್ಲಿ ಮಾತು ಸಿಕ್ಕಿಕೊಂಡವರನ್ನು ಕಳ್ಳರು ಅನ್ನಬೇಡಿ ಮಾಷೆ, ಒಂಬತ್ತನೇ ಕ್ಲಾಸಲ್ಲಿ ನನ್ನನ್ನು ಅಂದಿದ್ದಾರೆ.'

ಮರುದಿನ ಉತ್ತರ ಬಂತು. ಚಿಕ್ಕದು. 'ಪೆನ್ನಿನ ತಮಾಷೆಗೆ ಕ್ಷಮಿಸಿ. ಇನ್ನೂ ಬರೆಯಿರಿ.'

ಬರೆದಳು. ವಾರಕ್ಕೊಂದು, ಆಮೇಲೆ ವಾರಕ್ಕೆರಡು. ಪ್ರತಿ ಸಲವೂ ಮೈಯೆಲ್ಲ ಯಂತ್ರದ್ದು, ಬಾಲ ಮಾತ್ರ ಅವಳದು. ಎದುರಿಗೆ ಸಿಕ್ಕರೆ ಮಾತ್ರ "ಹೂಂ ಮಾಷೆ", "ಇಲ್ಲ ಮಾಷೆ", ಅಷ್ಟರಲ್ಲೇ ಮುಗಿಯುತ್ತಿತ್ತು.

ಕಚೇರಿಯ ಹಿರಿಯ ಗುಮಾಸ್ತೆ, ಎಲ್ಲರಿಗೂ ಅಕ್ಕನಾದ ಪದ್ಮಿನಿ ಚೇಚಿಯ ಕಣ್ಣು ತಪ್ಪಿಸುವುದು ಯಾರಿಂದಾದೀತು?

"ಏನು ಮೋಳೇ, ಮಾಷ್ ಬರೋ ದಿನ ಮಾತ್ರ ಹೂವು ಮುಡಿತೀಯ?"

"ಚೇಚೀ! ಸುಮ್ನಿರಿ... ಅಮ್ಮ ಮುಡಿಸಿದ್ದು."

"ಅಮ್ಮನಿಗೆ ಸಮಿತಿಯ ದಿನಾಂಕ ಯಾರು ಹೇಳಿದ್ರೋ! ಅದಿರ್ಲಿ, ಇನ್ನೂ ಎಷ್ಟು ದಿನ ಮಾಷೆ ಮಾಷೆ ಅಂತೀಯ? ನೀನೇನು ಅವರ ಕ್ಲಾಸಲ್ಲಿ ಕೂತು ಪಾಠ ಕೇಳಿದವಳಾ? ಒಲಿದವನನ್ನ ಕರೆಯೋ ಹಾಗೆ 'ಏಟ್ಟಾ' ಅಂತ ಬಾಯ್ತುಂಬ ಕರಿ. ಮದುವೆಗೆ ಮುಂಚೆ ನಾನು ನನ್ನ ಗಂಡನ್ನ ಹಾಗೇ ಕರೆದೆ, ಪಾಪ, ಅಲ್ಲೇ ಬಿದ್ದ."

ಪ್ರಜಿಲಳ ಕಿವಿ ಕೆಂಪಾಯಿತು. ಆ ಕರೆ ಮೊದಲೇ ಮನಸ್ಸಿನೊಳಗೆ ಎಷ್ಟು ಸಲ ಓಡಾಡಿತ್ತೆಂದು ಚೇಚಿಗೇನು ಗೊತ್ತು!

ಹೀಗಿರುವಾಗ ಒಂದು ದಿನ ಕ್ಯಾಂಟೀನಿನಲ್ಲಿ ಷಿನೋಜ್ ಮಾಷ್ ತಾವೇ ಬಂದು ಎದುರು ಕೂತರು. ಇಬ್ಬರ ನಡುವೆ ಒಂದು ತಟ್ಟೆ ಪಳಂಪೊರಿ, ಹಿಟ್ಟಿನಲ್ಲಿ ಅದ್ದಿ ಕರಿದ ಬಾಳೆಹಣ್ಣು.

"ಮುಂದಿನ ವಾರದಿಂದ ನಾನು ತಿರುವನಂತಪುರದಲ್ಲಿ," ಎಂದರು. "ರಾಜ್ಯದ ಎಲ್ಲಾ ಶಾಲೆಗೂ ಇಂಥದ್ದೇ ನೀತಿ ಮಾಡ್ತಾರಂತೆ. ಕರೆದಿದ್ದಾರೆ. ಎರಡು ವರ್ಷ."

ಅವಳ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು.

"ಕೆಲಸ ಒಳ್ಳೇದೇ..." ಅವರು ತಟ್ಟೆಯನ್ನೇ ನೋಡುತ್ತ ಹೇಳಿದರು. "ಆದ್ರೆ ನಿಮ್ಮ ಪತ್ರ ಬರೋ ದಿನ ನಾನು ಬೇರೇನೂ ಓದಲ್ಲ ಪ್ರಜಿಲ. ಅದನ್ನ ನಿಮಗೆ ಹೇಳ್ಬೇಕು ಅನ್ನಿಸ್ತು."

ಅಯ್ಯೋ... ಹಾಗಾದರೆ ಇವರಿಗೆ ಇಷ್ಟವಾದದ್ದು ನಾನಾ, ಅದಾ?

ತುಂಡನ್ನು ತಟ್ಟೆಗೇ ಇಟ್ಟು, ಕೈ ತೊಳೆಯಲು ಎದ್ದಳು. ಅಂದೇ ಡೈರಿಯಲ್ಲಿ ಆ ಒಂದು ಸಾಲು ಬರೆದದ್ದು.

ಮಾರನೇ ದಿನ ಬೆಳಿಗ್ಗೆ ಕಡತವೊಂದನ್ನು ಇಡಲು, ಸಮಿತಿಯ ಕೋಣೆಯಲ್ಲಿ ಮಾಷ್ ಅವರಿಗೆ ಕೊಟ್ಟಿದ್ದ ಮೇಜಿಗೆ ಹೋದಳು. ಅವರಿರಲಿಲ್ಲ. ಮೇಜಿನ ಮೇಲೆ ಹರಡಿದ್ದ ಕಾಗದಗಳತ್ತ ಕಣ್ಣು ಹೋಯಿತು.

ಅವಳದೇ ಪತ್ರಗಳು! ಎಲ್ಲವನ್ನೂ ಮುದ್ರಿಸಿ ತೆಗೆದಿದ್ದಾರೆ. ಅಲ್ಲಲ್ಲಿ ಕೆಂಪು ಪೆನ್ಸಿಲಿನ ಗೆರೆಗಳು. ಪಕ್ಕದಲ್ಲೇ, ಯಂತ್ರದ ಬರಹ ಹಿಡಿಯುವ ಸಾಫ್ಟ್‌ವೇರನ್ನು ಸಮಿತಿ ಪರೀಕ್ಷಿಸಿದ ವರದಿ.

ನಿಂತು ಓದುವ ಧೈರ್ಯವೆಲ್ಲಿ? ಗೆರೆ ಕಂಡದ್ದೇ ಸಾಕಾಯಿತು.

'ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ. ತಪ್ಪು ಹುಡುಕಿ ಗೆರೆ ಎಳೆದಿದ್ದಾರೆ. ಮತ್ತೆ ಕ್ಯಾಂಟೀನಿನಲ್ಲಿ ಹೇಳಿದ ಆ ಮಾತು... ಅದು ಬಲೆಯಾ?'

ಕಡತವನ್ನು ಅಲ್ಲೇ ಇಟ್ಟು ಹೊರಟಳು. ಆಮೇಲೆ ಅವರು ಕಳಿಸಿದ ಎರಡು ಪತ್ರಗಳಿಗೆ ಉತ್ತರ ಬರೆಯಲಿಲ್ಲ.

ಕೊನೆಯ ಸಭೆ ಬಂತು.

ಷಿನೋಜ್ ಮಾಷ್ ಕರಡು ಓದುತ್ತ ಏಳನೇ ಕಲಮಿಗೆ ಬಂದಾಗ ನಿಲ್ಲಿಸಿದರು. "ಇಲ್ಲಿ ನನ್ನ ಮಾತನ್ನ ನಾನೇ ತಿದ್ದಿಕೊಂಡಿದ್ದೀನಿ. ಹತ್ತು ನಿಮಿಷ ಮಾತಾಡಿಸಿ ಅಂದಿದ್ದೆ. ಮಾತು ಬಾರದ ಮಕ್ಕಳಿದ್ದಾರೆ ಟೀಚರ್. ಬರೆಯೋಕೆ ಬರುತ್ತೆ, ಹೇಳೋಕೆ ಬರಲ್ಲ. ಅಂಥವರನ್ನ ಯಾರೂ ಏನೂ ಕೇಳಬಾರದು. ಆ ಹತ್ತು ನಿಮಿಷ ಒಂದು ಹಾಳೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಬರೆದದ್ದರ ಬಗ್ಗೆ ಏನು ಬೇಕಾದ್ರೂ ಬರೀಲಿ."

ಪ್ರಜಿಲಳ ಬೆರಳು ಕೀಲಿಗಳ ಮೇಲೇ ನಿಂತಿತು.

"ಚೆನ್ನಾಗಿದೆ ಮಾಷೆ!" ಎಂದರು ಖದೀಜ ಟೀಚರ್. "ಇದು ನಿಮಗೆ ಹೊಳೆದದ್ದಾ?"

"ಇಲ್ಲ. ಒಬ್ಬರು ಬರೆದು ತಿಳಿಸಿದ್ದು. ಇಲ್ಲೇ ಇದ್ದಾರೆ. ಅವರು ಒಪ್ಪಿದ್ರೆ ಮಾತ್ರ ಹೆಸರು."

"ಯಾರಪ್ಪಾ ಬರೆದದ್ದು?" ಟೀಚರ್ ನಗುತ್ತಲೇ ಸುತ್ತ ನೋಡಿದರು.

ಮತ್ತೆ ಅಂಥದ್ದೇ ಪ್ರಶ್ನೆ! ನಾನು ಅನ್ನಲೇ? ಅರ್ಧ ಸುಳ್ಳು. ನಾನಲ್ಲ ಅನ್ನಲೇ? ಅದೂ ಅರ್ಧ ಸುಳ್ಳೇ.

ಸಭೆ ಮುಗಿದದ್ದೇ ತಡ, ಹೊರಗಿನ ಗೇರುಮರದ ಕಟ್ಟೆಯ ಹತ್ತಿರ ಹೋಗಿ ನಿಂತುಬಿಟ್ಟಳು.

ಹಿಂದೆಯೇ ಹೆಜ್ಜೆ ಸಪ್ಪಳ. ಷಿನೋಜ್ ಮಾಷ್. ಕೈಯಲ್ಲಿ ಅದೇ ಕಾಗದಗಳು.

"ಉತ್ತರ ಇಲ್ಲ. ಮುಖ ಕೊಡೋದೂ ಇಲ್ಲ. ನನ್ನಿಂದ ಏನು ತಪ್ಪಾಯ್ತು?"

"ಅದು..." ಕಾಗದಗಳತ್ತ ಬೆರಳು ತೋರಿದಳು. "ನೀವು ಗೆರೆ ಹಾಕಿದ್ದೀರಿ... ಗೊತ್ತಾಗಿದೆ ಅಲ್ವಾ ನಿಮಗೆ... ಆ ಪತ್ರ ನಾನಲ್ಲ... ಫೋನಿನ ಎಐ ಬರೆದದ್ದು."

ಹೇಳಿಬಿಟ್ಟಳು! ಇನ್ನು ನೆಲ ಬಾಯಿಬಿಡಲಿ ಎಂದು ತಲೆ ತಗ್ಗಿಸಿದಳು.

ಅವರು ಕಾಗದಗಳನ್ನೊಮ್ಮೆ ತಿರುವಿ ನೋಡಿದರು. ಮುಖ ಪೆಚ್ಚಾಗಿತ್ತು, ಅದು ಸುಳ್ಳಲ್ಲ. ಆಮೇಲೆ ಕಾಗದಗಳನ್ನು ಅವಳ ಕೈಗಿಟ್ಟರು.

"ನನಗೆ ಗೊತ್ತಿರ್ಲಿಲ್ಲ. ಆ ಗೆರೆ... ನನಗೆ ಇಷ್ಟವಾದ ಸಾಲಿಗೆ ಹಾಕಿದ್ದು. ಯಾವುದು ಯಾರದ್ದು, ನೀವೇ ಹೇಳಿ."

ಅವಳು ನೋಡಿದಳು.

'ಗಂಟಲಲ್ಲಿ ಮಾತು ಸಿಕ್ಕಿಕೊಂಡವರನ್ನು ಕಳ್ಳರು ಅನ್ನಬೇಡಿ...' ಕೆಂಪು ಗೆರೆ.

'ಗೇರುಮರದ ಕಾಗೆ ಇವತ್ತೂ ನಿಮ್ಮ ಬೈಕಿನ ಕನ್ನಡಿ ಜೊತೆ ಜಗಳಕ್ಕೆ ಹೋಗಿ ಸೋತು ಬಂತು.' ಕೆಂಪು ಗೆರೆ.

'ಇವತ್ತು ಫ್ಯಾನು ನಿಮಗಿಂತ ಜೋರಾಗಿ ಮಾತಾಡುತ್ತಿತ್ತು. ಆದರೂ ನನಗೆ ನಿಮ್ಮದೇ ಕೇಳಿಸಿತು.' ಇದರ ಪಕ್ಕದಲ್ಲಿ ಗೆರೆಯ ಜೊತೆಗೊಂದು ಚುಕ್ಕಿ.

ಇಸ್ತ್ರಿ ಹಾಕಿದ ಸಾಲುಗಳು ಹೆಚ್ಚುಕಡಿಮೆ ಎಲ್ಲವೂ ಗೆರೆಯಿಲ್ಲದೆ ಬಿಳಿಯಾಗಿಯೇ ಉಳಿದಿದ್ದವು. ಅವಳ ಕಣ್ಣು ಮಂಜಾಯಿತು.

"ಇವೆಲ್ಲ... ನಂದೇ," ಎಂದಳು. ಆಮೇಲೆ ಒಂದು ಕಡೆ ಬೆರಳಿಟ್ಟಳು. ಎರಡೆರಡು ಗೆರೆ ಎಳೆದಿದ್ದ 'ಮೌನವೂ ಒಂದು ಭಾಷೆಯೇ' ಎಂಬ ಸಾಲು. "ಇದೊಂದು ಮಾತ್ರ ಅದರದ್ದು."

"ಅಯ್ಯೋ ದೇವರೇ!" ಷಿನೋಜ್ ಮಾಷ್ ಹಣೆ ಚಚ್ಚಿಕೊಂಡರು. "ಇದನ್ನ ಅಮ್ಮನಿಗೂ ಓದಿ ಹೇಳಿದ್ದೆ! 'ಎಂಥಾ ಹುಡುಗಿ ಕಣೋ' ಅಂತ ಅಮ್ಮ ಕಣ್ಣೊರೆಸಿಕೊಂಡಿದ್ರು!"

ಅವಳಿಗೆ ನಗು ತಡೆಯಲಾಗಲಿಲ್ಲ. ಅಳುವೂ ಜೊತೆಗೇ ಬಂತು.

ಅವರು ಕೈಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟು, ಕೂತರು. "ಬನ್ನಿ. ಏಳನೇ ಕಲಂ ಪ್ರಕಾರ ಹತ್ತು ನಿಮಿಷ. ನಾನು ಏನೂ ಕೇಳಲ್ಲ. ಹಾಳೆ ಬೇಕಾದ್ರೆ ಇದೆ, ಪೆನ್ಸಿಲ್ ಇದೆ. ಏನೂ ಬೇಡ ಅಂದ್ರೆ ಸುಮ್ನೆ ಕೂತು ಎದ್ದು ಹೋಗೋಣ."

ಅವಳು ಕೂತಳು. ಒಂದು ಮೊಳ ದೂರದಲ್ಲಿ.

ಎರಡು ನಿಮಿಷ. ಮೂರು. ಕಾಗೆ ಬಂದು ಬೈಕಿನ ಕನ್ನಡಿ ಕುಕ್ಕಿತು. ಅವರು ತುಟಿ ಬಿಚ್ಚಲಿಲ್ಲ. ಯಾರೂ ತನ್ನ ಮಾತಿಗಾಗಿ ಇಷ್ಟು ಹೊತ್ತು, ಇಷ್ಟು ಸಮಾಧಾನವಾಗಿ ಕಾದದ್ದು ಅವಳಿಗೆ ನೆನಪಿರಲಿಲ್ಲ.

ಆರು. ಏಳು. ಪೆನ್ಸಿಲ್ ಎತ್ತಿಕೊಂಡಳು. ಹಾಳೆಯ ಮೇಲೆ ಮೊನೆ ಊರಿದಳು. ಬರೆದರೆ ಎಷ್ಟು ಸುಲಭ...

ಪೆನ್ಸಿಲನ್ನು ಕೆಳಗಿಟ್ಟಳು.

"ಷಿನೋಜೇಟ್ಟಾ..."

ಅವರು ಬೆಚ್ಚಿ ತಿರುಗಿದರು. ಮಾಷೆ ಅಲ್ಲ!

"ನೀವು ಹೋಗಿ... ಕೆಲಸ ಒಳ್ಳೇದು. ಆದ್ರೆ..." ಉಸಿರು ಸಿಕ್ಕಿತು. ಬಿಡಿಸಿಕೊಂಡಳು. "ಆದ್ರೆ ನೀವಿಲ್ಲದೆ ನನಗೆ ಆಗಲ್ಲ. ವಾಪಸ್ ನನ್ನ ಹತ್ರಾನೇ ಬರಬೇಕು."

ಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ಅದನ್ನು ಯಾರೂ ನೋಡಲಿಲ್ಲ.

"ಬರ್ತೀನಿ," ಎಂದರು ಅವರು. ಈ ಸಲ ಮಾತು ಸಿಕ್ಕಿಕೊಂಡದ್ದು ಅವರ ಗಂಟಲಲ್ಲಿ. ಸ್ವಲ್ಪ ಹೊತ್ತಿನ ಮೇಲೆ, ಕಣ್ಣಲ್ಲಿ ನೀರಿದ್ದರೂ ತುಂಟತನ ಬಿಡದೆ, ಮೆಲ್ಲಗೆ ಕೇಳಿದರು.

"ಈ ಏಟ್ಟಾ ಅನ್ನೋದು, ಈ ಮಾತು... ಪದ್ಮಿನಿ ಚೇಚಿನಾ? ಫೋನಾ? ಯಾರು ಹೇಳಿಕೊಟ್ಟದ್ದು?"

ಪ್ರಜಿಲ ತಲೆ ಎತ್ತಿ, ಅವರ ಕಣ್ಣನ್ನೇ ನೋಡಿ ಹೇಳಿದಳು.

"ಯಾರೂ ಇಲ್ಲ. ನಾನೇ."