ಗೋಡೆಯಾಚೆಯ ಬಳ್ಳಿ

"ಅಮ್ಮ, ಅಲ್ಲಾಡಬೇಡ! ಅದು ಬಂದಿದೆ."

ತಮಿಯಾ ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು; ಹಿಂದೆ ಅಮ್ಮ ಅವಳ ಜಡೆ ಹೆಣೆಯುತ್ತಿದ್ದಳು. ಮೈಯಷ್ಟೇ ಉದ್ದದ ಕೊಕ್ಕಿನ ಪುಟ್ಟ ಝೇಂಕಾರದ ಹಕ್ಕಿ ಹಿತ್ತಿಲ ಗೋಡೆಯ ಮುಂದೆ ಗಾಳಿಯಲ್ಲೇ ನಿಂತಿತ್ತು. ಸ್ವಲ್ಪ ಎಡಕ್ಕೆ ಸರಿಯಿತು, ಸ್ವಲ್ಪ ಬಲಕ್ಕೆ. ಅಲ್ಲಿ ಹೂವೇ ಇರಲಿಲ್ಲ.

ಅಪ್ಪನನ್ನು ಮಣ್ಣು ಮಾಡಲು ಬಂದ ನೆಂಟರು ಅಡುಗೆಯ ಹಂಡೆ ಇಡಲು ಜಾಗ ಸಾಲದೆ ಗೋಡೆಗೆ ಹಬ್ಬಿದ್ದ ತಾಕ್ಸೋ ಹೂಬಳ್ಳಿಯನ್ನು ಕಿತ್ತುಹಾಕಿದ್ದರು. ನಿನ್ನೆ ಪದ್ಧತಿಯಂತೆ ಅಪ್ಪನ ಬಟ್ಟೆಗಳನ್ನೆಲ್ಲ ಹೊಳೆಯಲ್ಲಿ ಒಗೆದು, ಸಾಮಾನುಗಳನ್ನೆಲ್ಲ ತೊಳೆದಿಟ್ಟು ಹೊರಟುಹೋದರು. ಗುದ್ದಲಿ ಮಾತ್ರ ಅವರ ಕೈಗೆ ಸಿಕ್ಕಿರಲಿಲ್ಲ. ತಮಿಯಾ ಅದನ್ನು ಮಂಚದ ಕೆಳಗೆ ದೂಡಿದ್ದಳು. ಅದರ ಹಿಡಿಯ ಮೇಲೆ ಒಣಗಿದ ಮಣ್ಣಿತ್ತು, ಮಣ್ಣಿನಲ್ಲಿ ಅಪ್ಪನ ಬೆರಳಿನ ಗುರುತಿತ್ತು.

ಇವತ್ತು ಸ್ಕೂಲು.

"ನಾಳೆ ಅದು ಬರೋದೇ ಇಲ್ವಾ ಅಮ್ಮ?"

ಅಮ್ಮ ಅವಳ ಜಡೆಯನ್ನು ಕೊನೆಯವರೆಗೂ ಹೆಣೆದಳು. ಆಮೇಲೆ ಬಿಚ್ಚಿ, ಮೊದಲಿನಿಂದ ಶುರು ಮಾಡಿದಳು.

ಕ್ಲಾಸಿನಲ್ಲಿ ಕಪ್ಪು ಬೋರ್ಡು ತಮಿಯಾಗೆ ಗೋಡೆಯಂತೆ ಕಂಡಿತು. ಅಂಕಿಗಳ ನಡುವೆ ಏನೋ ಒಂದು ರೆಕ್ಕೆ ಬಡಿಯುತ್ತಾ ಹುಡುಕುತ್ತಿತ್ತು.

ಅಮ್ಮ ಗುಲಾಬಿ ತೋಟದ ಪ್ಯಾಕಿಂಗ್ ಶೆಡ್ಡಿಗೆ ಮತ್ತೆ ಹೋಗತೊಡಗಿದಳು. ಶುಕ್ರವಾರ ಸಂಜೆ, ಕಾಂಡ ಸೊಟ್ಟಗಿದ್ದು ಪರದೇಶದ ವಿಮಾನ ಹತ್ತದ ಗುಲಾಬಿಗಳನ್ನು ತಂದಳು. ತಮಿಯಾ ಅವನ್ನು ಡಬ್ಬಿಗಳಲ್ಲಿ ತುಂಬಿ ಗೋಡೆಯುದ್ದಕ್ಕೂ ಇಟ್ಟಳು. ಬೆಳಿಗ್ಗೆ ಹಕ್ಕಿ ಬಂತು. ಒಂದು ಗುಲಾಬಿಯ ಹತ್ತಿರ ಹೋಯಿತು, ಇನ್ನೊಂದರ ಹತ್ತಿರ. ಝರ್ರ್ ಎಂದು ಹಾರಿಹೋಯಿತು.

"ಏನೇ ಪಿಳ್ಳೆ, ಗೋಡೆಗೆ ಮದುವೆನಾ?" ಪಕ್ಕದ ಮನೆಯ ದೋನ್ಯಾ ಸೊಯ್ಲಾ ಗೋಡೆಯ ಮೇಲಿಂದ ಇಣುಕಿದಳು.

"ಹಕ್ಕಿಗೆ ಅಂತ ಇಟ್ಟೆ. ಇಷ್ಟೊಂದು ಕೆಂಪಗಿದೆ, ಆದ್ರೂ ಮುಟ್ಟಲೇ ಇಲ್ಲ."

"ಅದು ಊರಾಚೆ ಜನ ನೋಡೋಕೆ ಬೆಳೆಸಿದ ಹೂವು ಕಣೇ. ಬಿಚ್ಚಿದಷ್ಟೂ ದಳ, ಸಿಹಿ ಎಲ್ಲಿದೆ? ಅಷ್ಟುದ್ದ ಕೊಕ್ಕಿಗೆ ಕೊಳವೆ ಥರ ಹೂವು ಬೇಕು. ತಾಕ್ಸೋ ಥರ."

"ನಿಮ್ಮ ಬಳ್ಳಿದು ಒಂದು ಕಡ್ಡಿ ಕೊಡ್ತೀರಾ?"

"ಕೊಡಲ್ಲ."

ತಮಿಯಾಳ ಮುಖ ಸಣ್ಣಗಾಯಿತು.

"ಕೇಳಿ ತಂದ ಕಡ್ಡಿ ಎಲ್ಲಾದ್ರೂ ಚಿಗುರತ್ತೇನೇ ದಡ್ಡಿ? ಕದ್ದಿದ್ದೇ ಚಿಗುರೋದು. ನಿಮ್ಮಪ್ಪನೂ ಇಲ್ಲಿಂದಲೇ ಕದ್ದ. ನಾನು ಕಿಟಕೀಲಿ ನೋಡ್ತಾನೇ ಇದ್ದೆ. ಕಳ್ಳ!" ಸೊಯ್ಲಾ ನಗಲು ಹೋಗಿ ಶಾಲಿನಲ್ಲಿ ಮೂಗು ಒರೆಸಿಕೊಂಡಳು. "ನಾನೀಗ ಕೋಳಿಗೆ ಕಾಳು ಹಾಕ್ಬೇಕು. ಈ ಕಡೆ ತಿರುಗೋದೇ ಇಲ್ಲ."

ತಮಿಯಾ ಕಲ್ಲಿನ ಮೇಲೆ ಹತ್ತಿ ಗಟ್ಟಿಯಾದ ಒಂದು ಕಡ್ಡಿಯನ್ನು ಮುರಿದುಕೊಂಡಳು. ಗುಂಡಿ ತೋಡಲು ಮನೆಯಲ್ಲಿ ಬೇರೇನೂ ಇರಲಿಲ್ಲ. ಮಂಚದ ಕೆಳಗಿನಿಂದ ಗುದ್ದಲಿಯನ್ನು ಎಳೆದಳು. ಆಮೇಲೆ, ಅಪ್ಪನ ಬೆರಳುಗಳಿದ್ದಲ್ಲೇ ತನ್ನ ಬೆರಳುಗಳನ್ನಿಟ್ಟು ಹಿಡಿದಳು.

ಗೋಡೆಯ ಬುಡದಲ್ಲಿ ಕಡ್ಡಿ ನೆಟ್ಟಾದ ಮೇಲೆ ಗುದ್ದಲಿಯನ್ನು ಪಕ್ಕದ ನಲ್ಲಿಯ ಕೆಳಗೆ ಹಿಡಿದಳು. ಹಿಡಿಯ ಮಣ್ಣು ಕರಗಿ, ನೀರಿನ ಜೊತೆ ಹೊಸ ಕಡ್ಡಿಯ ಬುಡಕ್ಕೆ ಹರಿಯಿತು.

ಅವಳು ಪಕ್ಕದ ಮನೆಗೆ ಹೋದಾಗ ಸೊಯ್ಲಾ ಇನ್ನೂ ಬೆನ್ನು ತಿರುಗಿಸಿಯೇ ನಿಂತಿದ್ದಳು.

"ನಿಮ್ಮ ಗುದ್ದಲಿ."

"ಇಟ್ಕೋ ಮಗೂ. ನನಗೇನು ಅರ್ಜೆಂಟಿಲ್ಲ."

"ಶನಿವಾರ ವಾಪಸ್ ಕೊಡ್ತೀನಿ ಅಂದಿದ್ದ ಅಪ್ಪ. ಇವತ್ತು ಶನಿವಾರ."

ಸೊಯ್ಲಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ತಲೆಯ ಮೇಲೆ ಝರ್ರ್ ಎಂದಿತು. ಸೊಯ್ಲಾಳ ಬಳ್ಳಿಯ ಗುಲಾಬಿ ಬಣ್ಣದ ಹೂವೊಂದರೊಳಗೆ ಹಕ್ಕಿ ಕೊಕ್ಕು ಇಳಿಸಿತ್ತು.

"ಅಲ್ಲಾಡಬೇಡಿ," ಎಂದು ತಮಿಯಾ ಪಿಸುಗುಟ್ಟಿದಳು.