ಬೊಂಬೆ ಕದ್ದವನ ಮೊಮ್ಮಗ

"ಇಲ್ಲಿದ್ದ ರಾಣಿ ಬೊಂಬೆಯನ್ನ ಮಾಡಿದವನೇ ಕದ್ದು ಮಾರ್ಕೊಂಡ. ಕೈ ಚೆನ್ನಾಗಿತ್ತು, ಬುದ್ಧಿ ಮಾತ್ರ..."

ಪ್ರವಾಸಿಗರು ನಕ್ಕರು. ಹಳೆಯ ಅರಮನೆಯಲ್ಲಿ ಗೈಡ್ ಆಗಿದ್ದ ಅವಳು ಆರು ವರ್ಷದಿಂದ ಇಲ್ಲಿ ಹೀಗೆಯೇ ನಗಿಸುತ್ತಿದ್ದಳು.

ಹಿಂದೆ ನಿಂತಿದ್ದ ಒಬ್ಬ ಮಾತ್ರ ನಗಲಿಲ್ಲ. ಅವನ ಹೆಗಲಲ್ಲಿ ಉಳಿ, ಸುತ್ತಿಗೆಗಳ ಚೀಲವಿತ್ತು.

"ಅವರು ನಮ್ಮ ತಾತ," ಎಂದ. "ಕದ್ದಿದ್ದನ್ನ ನೀವು ನೋಡಿದ್ರಾ?"

ಅವಳ ಕಿವಿಯವರೆಗೂ ಬಿಸಿಯೇರಿತು. "ಪುಸ್ತಕದಲ್ಲಿ ಇರೋದನ್ನೇ ಹೇಳ್ತೀನಿ," ಎಂದಷ್ಟೇ ಹೇಳಿದಳು.

ಆ ಪುಸ್ತಕ ಬರೆದವರು, ಹಿಂದೆ ಅರಮನೆಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಅವಳ ಅಪ್ಪ.

ಹಳೆಯ ಸೂತ್ರದ ಬೊಂಬೆಗಳನ್ನು ರಿಪೇರಿ ಮಾಡಲು ಅವನನ್ನು ಕರೆಸಿದ್ದರು. ಹಿಂದಿನ ಕೋಣೆಯಲ್ಲಿ ಎರಡು ತಿಂಗಳ ಕೆಲಸ. ಮೊದಮೊದಲು ಅವಳು ಆ ಬಾಗಿಲು ತಪ್ಪಿಸಿ ಓಡಾಡಿದಳು. ಒಮ್ಮೆ ಅವನೇ ಕರೆದು, ಈ ದಾರ ಸ್ವಲ್ಪ ಹಿಡಿದುಕೊಳ್ಳಿ ಎಂದ. ಆಮೇಲೆ ದಿನಾ ಹಿಡಿದಳು. ಸೇನಾಪತಿ ಬೊಂಬೆಗೆ ಮೀಸೆಯನ್ನು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡಳು, ನಗಿಸಿದಳು. ಅವನ ಬೆರಳು ಸೋಕಿದರೆ ಸಾಕು, ಹಾಕುತ್ತಿದ್ದ ಗಂಟೇ ಮರೆತುಹೋಗುತ್ತಿತ್ತು.

ತಾತನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಕೊನೆಗೆ ಅವಳು ಅಪ್ಪನನ್ನೇ ಕೇಳಿದಳು. ಅವರು ಕನ್ನಡಕ ತೆಗೆದಿಟ್ಟು ನಿಜ ಹೇಳಿದರು. ಆ ಬೊಂಬೆಯನ್ನು ರಾಜರ ತಮ್ಮನೇ ತನ್ನ ಅತಿಥಿಗೆ ಕೊಟ್ಟುಬಿಟ್ಟಿದ್ದನಂತೆ. ಅರಮನೆಯ ಮರ್ಯಾದೆ ಉಳಿಸಲು ತಪ್ಪನ್ನು ಬೊಂಬೆಗಾರನ ತಲೆಗೆ ಕಟ್ಟಿದ್ದರು.

"ಬೊಂಬೆ ಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳಿ ಅತಿಥಿ ಬರೆದ ಪತ್ರ ನೋಡಿದ್ದೆ ಮಗಳೇ. ಆದ್ರೂ ಅರಮನೆಯವರು ಹೇಳಿದ ಹಾಗೇ ಬರೆದೆ."

ಅಯ್ಯೋ, ಇದನ್ನು ಅವನಿಗೆ ಹೇಗೆ ಹೇಳಲಿ? ಹೇಳಿದರೆ ಅಪ್ಪನ ಹೆಸರು ಮಣ್ಣುಪಾಲು...

ಒಂದು ವಾರ ಅವಳು ಬಾಯಿ ಬಿಡಲಿಲ್ಲ. ಹಿಂದಿನ ಕೋಣೆಗೂ ಹೋಗಲಿಲ್ಲ. ಕಳ್ಳನ ಮೊಮ್ಮಗನೆಂದು ದೂರ ಸರಿದಳು ಅಂದುಕೊಂಡ ಅವನು, ಕೆಲಸ ಮುಗಿಸಿ ಒಂದು ಮಾತೂ ಹೇಳದೆ ಹೊರಟುಹೋದ.

ಖಾಲಿ ಕೋಣೆ ನೋಡಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಬೊಂಬೆಗಳ ಮುಂದೆ ಜನ ಸೇರಿದರು. ಅವಳು ಹೇಳಿಯೇಬಿಟ್ಟಳು. ಬೊಂಬೆಗಾರರು ಕದ್ದಿಲ್ಲ, ಪುಸ್ತಕದಲ್ಲಿರುವುದು ಸುಳ್ಳು, ಗೊತ್ತಿದ್ದೂ ಬರೆದವರು ನನ್ನ ತಂದೆ, ಆರು ವರ್ಷ ಅದನ್ನು ಹೇಳಿ ನಗಿಸಿದವಳು ನಾನು.

ಸಂಜೆ, ಅಪ್ಪ ಹುಡುಕಿಕೊಟ್ಟ ಆ ಪತ್ರ ಹಿಡಿದು ಅವನ ಮನೆಗೆ ಹೋದಳು. ಮುಂದಿನ ಕೋಣೆಯಲ್ಲಿ ಮರ ಕೆತ್ತುತ್ತಿದ್ದ ಅವನು ಅದನ್ನು ಎರಡು ಸಲ ಓದಿದ. ಕಣ್ಣು ಒರೆಸಿಕೊಂಡ.

"ಗೊತ್ತಾಗಿ ಒಂದು ವಾರ ಸುಮ್ಮನಿದ್ದೆ," ಎಂದಳು. "ನಿಮಗೆ ಮುಖ ತೋರಿಸೋಕೂ ನಾಚಿಕೆ ಆಗ್ತಿದೆ."

"ನನಗೂ ನಾಚಿಕೆನೇ. ನಿಮ್ಮ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಎಷ್ಟು ನೋಡಿದ್ರೂ ಆಗ್ತಿಲ್ಲ... ನೀವಿಲ್ದೆ ಇರೋಕೂ ಆಗ್ತಿಲ್ಲ."

ಅವಳು ತಲೆ ಎತ್ತದೆಯೇ ಅತ್ತಳು. "ಅಪ್ಪನೂ ಬಂದಿದಾರೆ. ಒಳಗೆ ಬರೋಕೆ ಮುಖ ಇಲ್ಲ ಅಂತ ಬೀದೀಲೇ ನಿಂತಿದಾರೆ."

ಅವನು ಕೈ ಒರೆಸಿಕೊಂಡು ಎದ್ದ.

"ಏನಂತ ಕರೀಲಿ ಅವರನ್ನ?"

"ನಿಮ್ಮ ಮನಸ್ಸಿಗೆ ಬಂದ ಹಾಗೆ."

ಅವನು ಬಾಗಿಲು ಪೂರ್ತಿ ತೆರೆದ.

"ಮಾವ, ಒಳಗೆ ಬನ್ನಿ."